ಒಂಬತ್ತನೆಯ ಬಾಟಲಿ

"ನೀರು ಬೇಕಾ ನಿಂಗೆ? ಎಮ್ಮೆ ಏನ್ಲಾ ನೀನು, ನೀರು ಕಂಡ್ರೆ ಬೀಳಕ್ಕೆ?"

ಮೇಸ್ತ್ರಿ ವಿಚಿಯನ್ ತನ್ನ ಬೂಟುಗಾಲನ್ನು ಖಾಮ್‌ಪುನ್‌ನ ಕತ್ತಿನ ಮೇಲೆ ಇಟ್ಟಿದ್ದ. ಖಾಮ್‌ಪುನ್ ಮಾಡಿದ್ದ ತಪ್ಪು ಒಂದೇ. ಟ್ರ್ಯಾಕ್ಟರಿಗೆಂದು ಬೀಗ ಹಾಕಿಟ್ಟಿದ್ದ ನೀರಿನ ಪೀಪಾಯಿಯ ನಲ್ಲಿಯಿಂದ ಜಿನುಗುತ್ತಿದ್ದ ಹನಿಗೆ ನಾಲಿಗೆ ಒಡ್ಡಿದ್ದ.

"ನೀರು ಕುಡುದ್ರೆ ಹೊಟ್ಟೆ ಭಾರ ಆಯ್ತದೆ. ಗಳಿಗೆಗೊಂದ್ಸಲ ಉಚ್ಚೆಗೆ ಓಡ್ತೀಯ. ಲೇ ಲೆಕ್ಕದ ತಾತ, ಈ ಬಡ್ಡೀಮಗನಿಗೆ ಒಂದು ಕೊಡು."

ಕೊಟ್ಟೆ. ಅದು ಆ ದಿನ ಅವನ ಆರನೆಯ ಬಾಟಲಿ.

ಕಬ್ಬು ಕಡಿಯಲು ಮೂಡಣ ಸುರಿನ್ ಸೀಮೆಯಿಂದ ಪಡುವಣದ ಕಾಂಚನಬುರಿಗೆ ಬಂದಿದ್ದ ನಮ್ಮ ಇಪ್ಪತ್ತೆರಡು ಜನರಲ್ಲಿ ಓದುಬರಹ ಬಲ್ಲವನು ನಾನೊಬ್ಬನೇ. ಊರಿನ ವಿಹಾರದ ಭಿಕ್ಷು ನಾಲ್ಕು ವರ್ಷ ನನಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನು ಕಲಿಸಿದ್ದರು. ಆ ಕಾರಣಕ್ಕೆ ವಿಚಿಯನ್ ನನ್ನ ಕೈಯ ಕತ್ತಿಯನ್ನು ಬಿಡಿಸಿ, ಮಂಜುಗಡ್ಡೆಯ ಪೆಟ್ಟಿಗೆಯನ್ನು ಒಪ್ಪಿಸಿದ. ಇಪ್ಪತ್ತು ಕಟ್ಟು ಕಬ್ಬಿಗೆ ಒಂದು ಬಾಟಲಿ ಶಕ್ತಿಪಾನೀಯ. ಸೋಗೆ ಸುಟ್ಟರೆ ಕಡಿಯುವುದು ಸಲೀಸೆಂದು ಜಮೀನಿನ ಧಣಿ ಎರಡು ಹೊಲಗಳಿಗೆ ಒಟ್ಟಿಗೆ ಬೆಂಕಿ ಹಾಕಿಸಿದ್ದ. ಸುಟ್ಟ ಕಬ್ಬು ಎರಡು ದಿನದೊಳಗೆ ಕಾರ್ಖಾನೆ ಸೇರದಿದ್ದರೆ ಹುಳಿಯಾಗುತ್ತದೆ.

ಬಾಟಲಿ ಕಂದು ಗಾಜಿನದು, ಅಂಗೈಯಲ್ಲಿ ಅಡಗುವಷ್ಟು. ಮೇಲೆ ಘೇಂಡಾಮೃಗದ ಚಿತ್ರ. ಬಾಟಲಿಯ ಹಿಂಬದಿಯಲ್ಲಿ ಬರೆದಿರುವುದು: ಕೆಫೀನ್ ಐವತ್ತು ಮಿಲಿಗ್ರಾಂ, ಟಾರಿನ್ ಎಂಟುನೂರು, ಸಕ್ಕರೆ ಇಪ್ಪತ್ತಾರು ಗ್ರಾಂ, ಬಿ ವಿಟಮಿನ್. ಟಾರಿನ್ ಎಂದರೆ ಗೂಳಿಯ ಸತ್ವವೆಂದು ನಮ್ಮವರು ನಂಬಿದ್ದರು. ಸಕ್ಕರೆ ನಾವು ಕಡಿದದ್ದೇ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು: ದಿನಕ್ಕೆ ಎರಡು ಬಾಟಲಿಗಿಂತ ಹೆಚ್ಚು ಕುಡಿಯಬಾರದು, ಎದೆ ನಡುಗುತ್ತದೆ, ನಿದ್ದೆ ಬಾರದು, ಮಕ್ಕಳೂ ಗರ್ಭಿಣಿಯರೂ ಕುಡಿಯಬಾರದು.

ಮೊದಲ ದಿನವೇ ವಿಚಿಯನ್‌ಗೆ ಇದನ್ನು ಓದಿ ಹೇಳಿದ್ದೆ. ಕೆನ್ನೆಗೆ ಬಾರಿಸಿ ನಕ್ಕಿದ್ದ.

"ಅದು ಪ್ಯಾಟೆಯೋರ್ಗೆ ಬರ್ದಿರೋದು ಕಣೋ ಮುದ್ಯ. ಎಮ್ಮೆಗಳ್ಗೆ ಎದೆ ಎಲ್ಲದೆ?"

ಸುಳ್ಳು ಹೇಳಬಾರದು. ಮೊದಲ ಎರಡು ಬಾಟಲಿಗೆ ಕೈ ಹಗುರಾಗುತ್ತದೆ. ಮೂರರಿಂದ ಕತ್ತಿ ತಾನೇ ಓಡುತ್ತದೆ. ದಣಿವು ಹೋಗುವುದಿಲ್ಲ, ಗೊತ್ತಾಗುವುದಿಲ್ಲ, ಅಷ್ಟೆ. ಐದಕ್ಕೆ ಬೆರಳುಗಳು ನಡುಗುತ್ತವೆ. ಏಳರ ಹೊತ್ತಿಗೆ, ನೀರು ಕಾಣದ ಮೈಯಲ್ಲಿ ಬೆವರೂ ನಿಲ್ಲುತ್ತದೆ.

ಮಧ್ಯಾಹ್ನ ಮೂರಕ್ಕೆ ಖಾಮ್‌ಪುನ್ ನೂರ ಎಂಬತ್ತನೆಯ ಕಟ್ಟು ಬಿಗಿದು ಪೆಟ್ಟಿಗೆಯ ಬಳಿ ಬಂದ. ಮುಖದ ಮಸಿ ಒಣಗಿ ಬಿರಿದಿತ್ತು. ನಗುತ್ತಿದ್ದ.

"ತಾತ, ಎದೆ ಒಳ್ಗೆ ಕೋಳಿ ಸಿಕ್ಕಾಕ್ಕೊಂಡದೆ. ಮುಟ್ಟಿ ನೋಡು."

ಮುಟ್ಟಿದೆ. ಬಡಿತವನ್ನು ಎಣಿಸಲು ನೋಡಿದೆ. ಎರಡು, ಮೂರು ಒಟ್ಟಿಗೆ ಬರುತ್ತಿದ್ದವು, ಆಮೇಲೆ ಏನೂ ಇಲ್ಲ, ಮತ್ತೆ ಐದು. ಅದು ಲೆಕ್ಕಕ್ಕೆ ಸಿಗುವ ಬಡಿತವಾಗಿರಲಿಲ್ಲ.

"ಏನ್ಲಾ ಸರಸ ಅಲ್ಲಿ? ಕೊಡೋ ಮುದ್ಯ!" ವಿಚಿಯನ್ ಟ್ರ್ಯಾಕ್ಟರಿನ ಮೇಲಿಂದ ಕೂಗಿದ.

ಒಂಬತ್ತನೆಯದನ್ನು ಕೊಟ್ಟವನು ನಾನೇ.

ಅವನು ಇನ್ನೂ ಹನ್ನೊಂದು ಜಲ್ಲೆ ಕಡಿದು ಮುಖ ಕೆಳಗಾಗಿ ಬಿದ್ದ. ಈಟಿಯಂತೆ ನಿಂತಿದ್ದ ಕಬ್ಬಿನ ಕೂಳೆ ಕೆನ್ನೆಯನ್ನು ತೂರಿ ಬಾಯಿಗೆ ಬಂದಿತ್ತು. ಅವನ ಹೆಂಡತಿ ಲಾಮ್‌ದುವಾನ್ ಐದು ತಿಂಗಳ ಹೊಟ್ಟೆ ಹೊತ್ತು ಓಡಿ ಬಂದು, ಅವನ ತಲೆಯನ್ನು ಕೂಳೆಯಿಂದ ಬಿಡಿಸಿದಳು. ರಕ್ತ ಹೆಚ್ಚು ಬರಲಿಲ್ಲ.

ಆರೋಗ್ಯಾಧಿಕಾರಿ ಜೀಪಿನಲ್ಲಿ ಬಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ.

"ಹೆಂಡ ಕುಡೀತಿದ್ನಾ?"

"ದಿನಾ, ಸಾ," ಎಂದ ವಿಚಿಯನ್.

ನಾನು ಹೇಳಿದೆ: "ಹೆಂಡ ಅಲ್ಲ ಸ್ವಾಮಿ. ಒಂಬತ್ತು ಬಾಟಲಿ ಇದು. ನಾನೂರೈವತ್ತು ಮಿಲಿಗ್ರಾಂ ಕೆಫೀನ್. ನೀರು ಒಂದು ತೊಟ್ಟೂ ಇಲ್ಲ."

"ಭೇಷ್! ಡಾಕ್ಟ್ರೇನಯ್ಯ ನೀನು? ಒಂಬತ್ತೂ ಕೊಟ್ಟಿದ್ ಯಾರು?"

"ನಾನು."

"ಮತ್ತೆ? ಕಾರಣ ಅಂತ ನಿನ್ನ ಹೆಸ್ರು ಬರೀಲಾ?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಮದ್ಯಪಾನವೆಂದು ಬರೆದು ಮೊಹರು ಒತ್ತಿದ.

ಹೆಣವನ್ನು ಹೊಲದಿಂದ ಸಾಗಿಸಲು ಇದ್ದದ್ದು ಕಬ್ಬಿನ ಲಾರಿ ಒಂದೇ. ಲೋಡು ತುಂಬದೆ ಅದು ಹೊರಡದು. ಪೆಟ್ಟಿಗೆಯ ಮಂಜುಗಡ್ಡೆಯಲ್ಲಿ ಅರ್ಧವನ್ನು ಹೆಣದ ಸುತ್ತ ಇಟ್ಟೆವು. ಉಳಿದರ್ಧದಲ್ಲಿ ಬಾಟಲಿಗಳಿದ್ದವು.

ಮರುದಿನ ಬೆಳಿಗ್ಗೆ, ನಾವು ಅನ್ನದ ಉಂಡೆಯನ್ನು ಮೀನಿನ ಗೊಜ್ಜಿಗೆ ಅದ್ದುವ ಮೊದಲೇ, ವಿಚಿಯನ್ ಲಾಮ್‌ದುವಾನ್‌ಳ ಮುಂದೆ ನಿಂತ.

"ನಿನ್ ಗಂಡನ ಸಾಲು ಹಂಗೇ ನಿಂತದೆ. ಅದ್ನ ಕಡಿ, ಲಾರಿ ಹೊರಡ್ಲಿ. ಇಲ್ದಿದ್ರೆ ಅವ್ನು ಇಲ್ಲೇ ಕೊಳೀಲಿ."

"ಕಡೀತೀನಿ. ಪೀಪಾಯಿ ಬೀಗ ತೆಗಿ. ನೀರು ಕುಡುದು ಕಡೀತೀನಿ."

"ರಾಣಿ ಬಂದ್ಲು ನೋಡ್ರೋ!" ಅವನು ಬಾಟಲಿಯ ಮುಚ್ಚಳ ಕಿತ್ತು, ಅವಳ ಕೂದಲು ಹಿಡಿದು, ಬಾಯಿಗೆ ತುರುಕಿದ. ಗಾಜು ಹಲ್ಲಿಗೆ ಬಡಿದ ಸದ್ದು ಕೇಳಿಸಿತು. "ಕುಡಿಯೇ ಲೌಡಿ! ಒಳಗಿರೋ ಕರೂನೂ ಕಬ್ಬು ಕಡೀಲಿ!"

ಅವಳು ಹಳದಿ ನೀರನ್ನೂ ಒಂದು ಹಲ್ಲನ್ನೂ ಅವನ ಮುಖಕ್ಕೆ ಉಗಿದಳು.

ಅವನು ಕೈ ಎತ್ತಿದ. ಇಳಿಸುವುದರೊಳಗೆ ನಮ್ಮ ಜೊತೆಯ ಉಡೊಂ ಎಂಬವನು ಕತ್ತಿಯ ಹಿಂಬದಿಯಿಂದ ಅವನ ಮೊಣಕಾಲಿಗೆ ಹೊಡೆದ. ಮೂಳೆ ಮುರಿಯಿತು. ಉಳಿದವರು ಅವನನ್ನು ಕಬ್ಬಿನ ಕಟ್ಟುಗಳಿಗೆ ಒರಗಿಸಿ, ಕಟ್ಟು ಬಿಗಿಯುವ ಹಗ್ಗದಿಂದಲೇ ಬಿಗಿದರು. ಲಾಮ್‌ದುವಾನ್ ಅವನ ಸೊಂಟದ ಕೀಲಿಕೈ ಕಿತ್ತುಕೊಂಡು ಪೀಪಾಯಿಯತ್ತ ನಡೆದಳು.

ಎಲ್ಲರೂ ನನ್ನನ್ನು ನೋಡಿದರು. ನಾನು ಪೆಟ್ಟಿಗೆ ತೆರೆದೆ.

"ಒಂದು," ಎಂದೆ.

ಉಡೊಂ ಅವನ ಮೂಗು ಹಿಡಿದ. ವಿಚಿಯನ್ ಕುಡಿದ. ಎರಡನೆಯದಕ್ಕೆ ನಮ್ಮ ತಾಯಂದಿರನ್ನೆಲ್ಲ ಬೈದ. ಮೂರನೆಯದನ್ನು ತೆರೆದಾಗ ತಲೆ ಒದರಿದ.

"ಎರಡೇ ಕಣ್ರೋ! ಎರಡಕ್ಕಿಂತ ಜಾಸ್ತಿ ಕುಡೀಬಾರ್ದು! ಅದ್ರ ಮೇಲೇ ಬರ್ದದೆ!"

"ಏನಂತ?" ಎಂದೆ.

"ಎದೆ... ಎದೆ ನಡುಗ್ತದೆ ಅಂತ."

"ಅದು ಪೇಟೆಯವರಿಗೆ ಬರೆದದ್ದು," ಎಂದೆ. "ಮೂರು."

ನಾಲ್ಕಕ್ಕೆ ವಾಂತಿ ಮಾಡಿದ. ಅದನ್ನು ಕಳೆದು, ನಾಲ್ಕನ್ನೇ ಮತ್ತೆ ಕೊಟ್ಟೆ. ಐದು. ಬಿಸಿಲು ಏರಿತು. ಆರಕ್ಕೆ ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ನೂರ ಅರವತ್ತೆರಡರವರೆಗೆ ಎಣಿಸಿದೆ. ಆಮೇಲೆ ಎರಡು, ಮೂರು ಒಟ್ಟಿಗೆ ಬಂದವು.

"ನೀರು," ಎಂದ ವಿಚಿಯನ್. "ಅಕ್ಕಾ, ನೀರು ಕೊಡು."

ಲಾಮ್‌ದುವಾನ್ ಪೀಪಾಯಿಯ ಬಳಿ ತುಂಬಿದ ಚೊಂಬು ಹಿಡಿದು ನಿಂತಿದ್ದಳು. ಗಲ್ಲದಿಂದ ರಕ್ತವೂ ನೀರೂ ಇಳಿಯುತ್ತಿದ್ದವು. ಕೊಡಲಿಲ್ಲ. ಚೆಲ್ಲಲೂ ಇಲ್ಲ.

ನಾನು ಏಳನೆಯದರ ಮುಚ್ಚಳ ತೆಗೆದೆ.