ಆಗಸ್ಟಿನ ಗೋಡೆ

"ಹಳೇದಂತೆ, ಹಳೇದು. ಈ ಬಿಯರನ್ನ ನಿಮ್ಮ ಇಂಕಾ ರಾಜ ಕುಡಿದಿದ್ನೇನಯ್ಯ, ಅನಾಕ್ಲೆತೊ?"

ಲೀಮಾದಿಂದ ಬಂದ ಪುರಾತತ್ವದ ಡಾಕ್ಟರು ಗೋಡೆಯ ಬುಡದಲ್ಲಿ ಸಿಕ್ಕ ಬಾಟಲಿಯ ಮುಚ್ಚಳವನ್ನು ನನ್ನ ಮೂಗಿಗೆ ಹಿಡಿದರು. ಅವರು ಅಗೆಸುತ್ತಿದ್ದ ಗುಂಡಿಯಲ್ಲಿ ನಾನು ಗುದ್ದಲಿ ಹಿಡಿದು ಸೊಂಟದವರೆಗೆ ಇಳಿದಿದ್ದೆ. ಮೇಲೆ ನಿಂತಿದ್ದ ಕಲ್ಲುಗಣಿ ಕಂಪನಿಯ ಇಂಜಿನಿಯರ್ ಹೊಟ್ಟೆ ಕುಣಿಸಿ ನಕ್ಕ.

"ಅದು ಭೂಮ್ತಾಯಿಗೆ ಕೊಟ್ಟಿದ್ದು ಡಾಕ್ಟ್ರೇ, ಹೋದ ಆಗಸ್ಟಲ್ಲಿ" ಅಂದೆ. ನಿಜ ಹೇಳಿದ್ದೇ ತಪ್ಪಾಯಿತು.

ನಮ್ಮ ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ಕಲ್ಲುಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಸುತ್ತಿವೆ. ನಮ್ಮ ಆಲೂಗೆಡ್ಡೆ ಬೆಳೆಯುವುದು ಅಲ್ಲಿಯೇ. ಯಾರು ಕಟ್ಟಿದರೆಂದು ನಮ್ಮಜ್ಜಂದಿರಿಗೂ ಗೊತ್ತಿರಲಿಲ್ಲ. ಪ್ರತಿ ಆಗಸ್ಟಿನಲ್ಲಿ ಮನೆಗೊಬ್ಬರಂತೆ ಹೋಗಿ, ಬಿದ್ದ ಕಲ್ಲನ್ನು ಅದರ ಜಾಗಕ್ಕೇ ಕೂರಿಸಿ, ಸಂದಿಯಲ್ಲಿ ನಾವು ಅಗಿಯುವ ಕೋಕಾ ಎಲೆ ಇಟ್ಟು, ಬಿಯರ್ ಸುರಿದು ಬರುತ್ತೇವೆ. ಈಗ ಗುಡ್ಡದೊಳಗಿನ ಸುಣ್ಣಕಲ್ಲು ಕಂಪನಿಗೆ ಬೇಕಾಗಿತ್ತು. ಪುರಾತನವಾದದ್ದು ಇಲ್ಲಿದೆಯೆಂದು ಡಾಕ್ಟರು ಬರೆದರೆ ಗುಡ್ಡ ನಮಗೆ ಉಳಿಯುತ್ತಿತ್ತು. ಇಲ್ಲವೆಂದರೆ ಕಂಪನಿಯದು.

ಡಾಕ್ಟರು ಬರುತ್ತಾರೆಂದು ತಿಳಿದಾಗ ಊರಿಗೆ ಊರೇ ಸಡಗರಪಟ್ಟಿತು. ದೊಡ್ಡವರು ಬರುವಾಗ ಮನೆ ಗುಡಿಸುವುದಿಲ್ಲವೇ? ಆ ಬುದ್ಧಿಯಿಂದಲೇ ಕೆಟ್ಟೆವು. ವಾರವಿಡೀ ಪಾಚಿ ಕೆರೆದು, ಸಂದಿಗಳಿಗೆಲ್ಲ ಹೊಸ ಮಣ್ಣು ಮೆತ್ತಿದೆವು.

"ಇಲ್ಲಿ ಮಡಕೆ ಚೂರು ಏನಾದ್ರೂ ಸಿಕ್ತಿತ್ತಾ?" ಡಾಕ್ಟರು ಕೇಳಿದರು.

"ಬೇಕಾದಷ್ಟಿತ್ತು ಡಾಕ್ಟ್ರೇ. ತಮ್ಮ ಕಾಲಿಗೆ ಚುಚ್ಚದಿರ್ಲಿ ಅಂತ ನಾನೇ ಬುಟ್ಟೀಲಿ ಹೊತ್ತು ಹೊಳೆಗೆ ಸುರಿದೆ."

ಇಂಜಿನಿಯರ್ ಈ ಸಲ ಕುಕ್ಕರಗಾಲಲ್ಲಿ ಕೂತೇ ನಕ್ಕ. "ಕತ್ತೆ ನನ್ಮಕ್ಕಳಾ, ನನ್ನ ಕೆಲ್ಸಾನ ನೀವೇ ಮಾಡ್ಕೊಟ್ರಲ್ಲೋ."

ಡಾಕ್ಟರು ನಗಲಿಲ್ಲ. ನನ್ನತ್ತ ನೋಡಲೂ ಇಲ್ಲ. ಗೋಡೆ ಹಳೆಯದೇ ಇರಬಹುದೆಂದು ಅವರಿಗೆ ಅನುಮಾನವಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

"ಇನ್ನೂ ಎರಡಾಳು ಆಳ ಅಗೀಬೇಕಿತ್ತು" ಎಂದರು ಮೆಲ್ಲಗೆ.

"ಮೂರು ದಿನ ಕೊಟ್ಟಿದ್ವಿ, ಮುಗೀತು. ಜೀಪು ಹೊರಡುತ್ತೆ" ಅಂದ ಇಂಜಿನಿಯರ್. ಜೀಪೂ ಕಂಪನಿಯದು, ಡಾಕ್ಟರ ಊಟವೂ ಕಂಪನಿಯದು. ಅವರು ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: ಇತ್ತೀಚಿನ ಗೋಡೆ, ಪ್ರಾಚೀನ ಅವಶೇಷಗಳಿಲ್ಲ. ಸಾಕ್ಷಿಗೆಂದು ನನ್ನ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡರು.

ನಮ್ಮೂರಿನ ಸತುರ್ನಿನಾ ಅಜ್ಜಿ ಜೀಪಿಗೆ ಅಡ್ಡ ನಿಂತಳು. "ಲೇ ಓದಿದೋನೇ, ನಾನು ದಿನಾ ಮುಖ ತೊಳೀತೀನಿ ಕಣೋ. ಹಂಗಂತ ನಾನು ನಿನ್ನೆ ಹುಟ್ಟಿದ್ನಾ?"

ಜೀಪು ಅವಳನ್ನು ಬಳಸಿಕೊಂಡು ಹೋಯಿತು.

ಮುಂದಿನ ಆಗಸ್ಟಿನ ಹೊತ್ತಿಗೆ ಅರ್ಧ ಗುಡ್ಡವೇ ಇರಲಿಲ್ಲ. ಕೋಕಾ, ಬಿಯರ್ ಹಿಡಿದು ಹೋದರೆ ಮುಳ್ಳುತಂತಿ, ಅದರಾಚೆ ಕಾವಲಿನವನು. ಸಿಡಿಮದ್ದಿಗೆ ಹಾರಿದ ಗೋಡೆಕಲ್ಲುಗಳು ಲಾರಿ ದಾರಿಯ ಪಕ್ಕ ರಾಶಿ ಬಿದ್ದಿದ್ದವು. ಅಜ್ಜಿ ಒಂದನ್ನೆತ್ತಿ, ತಿರುಗಿಸಿ ನೋಡಿ, ದಾರಿಯ ನಡುವೆ ಕೂರಿಸಿದಳು. ಅದರ ಪಕ್ಕ ಇನ್ನೊಂದು. ನಾವೂ ಕೈಹಾಕಿದೆವು. ಗೋಡೆ ಮೊಣಕಾಲಿನವರೆಗೆ ಬಂದಾಗ ಲಾರಿಗಳು ಸಾಲಾಗಿ ನಿಂತು ಹಾರನ್ ಹೊಡೆಯತೊಡಗಿದವು. ಇಂಜಿನಿಯರ್ ಓಡಿಬಂದ.

"ಏಯ್ ಮುದುಕಿ, ಏನೇ ಇದು?"

"ಹೊಸ ಗೋಡೆ ಕಣಪ್ಪ. ಇವತ್ತಿಂದೇ. ಬರಕೋ ಹೋಗು."

ಅವನು ಕೈಬೀಸಿ ಕಲ್ಲು ತುಂಬುವ ಲೋಡರ್ ಯಂತ್ರವನ್ನು ಕರೆದ. ಅಜ್ಜಿ ಬಿಯರ್ ಸುರಿದು, ಮುಚ್ಚಳವನ್ನು ಸಂದಿಯೊಳಗೆ ಒತ್ತಿದಳು. ಲೋಡರ್ ಬಕೆಟ್ ಎತ್ತಿಕೊಂಡು ನಮ್ಮತ್ತ ಹೊರಟಿತು. ನಾನು ಅಜ್ಜಿಯ ಕೈಗೆ ಇನ್ನೊಂದು ಕಲ್ಲು ಕೊಟ್ಟೆ.