ಬಿಳಿಯನ ಬಾಗಿಲು

ನಾನು ಒಂದು ಮಿನಿವ್ಯಾನು. ಬರೀ ಮಿನಿವ್ಯಾನು ಅಂದರೆ ನನಗೆ ಸಿಟ್ಟು ಬರುತ್ತದೆ, ಸ್ಪೋರ್ಟ್ಸ್ ಮಾಡೆಲ್ ಅಂತ ಸೇರಿಸಿ ಹೇಳಬೇಕು. ಈಗ ಹರಿಹರದ ಒಂದು ಟೆಂಟ್ ಹೌಸಿನ ಹಿತ್ತಲಲ್ಲಿ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳ ಪಕ್ಕದಲ್ಲಿದ್ದೇನೆ. ಚಕ್ರಗಳನ್ನು ಬಿಚ್ಚಿ ನಾಲ್ಕು ಕಲ್ಲುಗಳ ಮೇಲೆ ಕೂರಿಸಿದ್ದಾರೆ. ನನ್ನ ಕೆಂಪು ಬಣ್ಣ ಬಿಸಿಲಿಗೆ ಮಾಸಿ ಇಟ್ಟಿಗೆ ಪುಡಿಯಂತಾಗಿದೆ. ಆದರೂ ಪಕ್ಕೆಯ ಮೇಲಿನ ಕಪ್ಪು ಪಟ್ಟೆ ಹಾಗೇ ಇದೆ, ಬೇಕಾದರೆ ಬಂದು ನೋಡಿ.

ನಾನು ಹುಟ್ಟಿದ್ದು ದೊಡ್ಡ ಕಾರ್ಖಾನೆಯೊಂದರಲ್ಲಿ. ಯಂತ್ರದ ತೋಳುಗಳು ಕಿಡಿ ಹಾರಿಸುತ್ತ ನನ್ನನ್ನು ಬೆಸೆದವು. ಸಾಲಿನಲ್ಲಿ ನನಗಿಂತ ಮುಂದೆ ಒಂದು ನೀಲಿ ವ್ಯಾನು ಹೋಗುತ್ತಿತ್ತು. ಅದಕ್ಕೆ ಫಳಫಳ ಹೊಳೆಯುವ ಚಕ್ರ ಹಾಕಿದಾಗ ನನ್ನ ಹೊಟ್ಟೆ ಉರಿದುಹೋಯಿತು. ನನಗೂ ಅಂಥದೇ ಚಕ್ರ ಹಾಕಿದ ಮೇಲೆ ಸ್ವಲ್ಪ ತಣ್ಣಗಾದೆ. ಎಂಜಿನ್ನು ಕೂರಿಸುವಾಗಲೇ ನನ್ನೊಳಗೆ ಹೊಟ್ಟೆಕಿಚ್ಚನ್ನೂ ಕೂರಿಸಿಬಿಟ್ಟಿದ್ದರೋ ಏನೋ, ಅದು ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ.

ದಾವಣಗೆರೆಯ ಶೋರೂಮಿಗೆ ಬಂದ ಮೇಲೆ ದಿನವೂ ನನ್ನ ಮೈ ಒರೆಸುತ್ತಿದ್ದರು. ಬಂದವರೆಲ್ಲ ನನ್ನನ್ನು ನೋಡಿ ಹುಬ್ಬೇರಿಸುತ್ತಿದ್ದರು, ಕೊಳ್ಳುವುದು ಮಾತ್ರ ಬೇರೆಯದನ್ನು. ಹೀಗಿರುವಾಗ ಒಂದು ಭಾನುವಾರ ಪಾಲಾಕ್ಷನ ಮನೆಯವರು ಬಂದರು. ಪಾಲಾಕ್ಷನಿಗೆ ಹರಿಹರದಲ್ಲಿ ಮೋಟಾರ್ ರಿಪೇರಿ ಅಂಗಡಿ. ತನಗೆ ವೇಗವಾಗಿ ಓಡುವ, ನೋಡಿದವರು ತಿರುಗಿ ನೋಡುವ ಕಾರೇ ಬೇಕೆಂದು ಅವನ ಹಟ. ಅವನ ಹೆಂಡತಿ ಸರ್ವಮಂಗಳಾಗೆ ಅದು ಬೇಡ. ಅವಳಿಗೆ ಮೂವರು ತಂಗಿಯರು, ಮದುವೆ ಮುಂಜಿ ಅಂದರೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು. ಈ ಜಗಳ ಶೋರೂಮಿನ ಬಾಗಿಲವರೆಗೂ ಬಂದಿತ್ತು.

"ಓಡ್ಸೋಕೆ ಸ್ಪೋರ್ಟ್ಸ್ ಕಾರು, ಕೂರೋಕೆ ಮನೆ ಇದ್ದಂಗೆ ಸಾರ್," ಅಂದ ಮಾರುವ ಹುಡುಗ ನನ್ನ ಬೆನ್ನು ಸವರುತ್ತ.

ಸರ್ವಮಂಗಳಾ ಮಾತಿಗೆ ಬಗ್ಗುವವಳಲ್ಲ. ಸೀದಾ ಹಿಂದಿನ ಸಾಲಿಗೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತಳು. "ರೇಷ್ಮೆ ಸೀರೆ ಉಟ್ಕೊಂಡ್ ಕೂತ್ರೆ ಮುದುರಲ್ಲ ತಾನೆ?" ಅಂತ ಕೇಳಿ, ತಾನೇ ಸೆರಗು ಸರಿಮಾಡಿಕೊಂಡು ನೋಡಿ, ಪರವಾಗಿಲ್ಲ ಅನ್ನುವಂತೆ ತಲೆಯಾಡಿಸಿದಳು. ಅವರ ಮಗಳು ಸಿಂಚನಾಗೆ ಆಗ ಒಂಬತ್ತು ವರ್ಷ. ಅವಳು ನನ್ನ ಕಪ್ಪು ಪಟ್ಟೆಯ ಮೇಲೆ ಬೆರಳಾಡಿಸುತ್ತ, "ಅಪ್ಪಾ, ಇದು ನಿಂತಿದ್ರೂ ಓಡ್ತಿರೋ ಹಂಗೆ ಕಾಣ್ತೈತೆ," ಅಂದಳು. ಆ ಮಾತಿಗೆ ನಾನು ಉಬ್ಬಿಹೋದೆ.

ಕೊನೆಗೆ ಬಂದವರು ಕೊಟ್ರಪ್ಪಜ್ಜ, ಪಾಲಾಕ್ಷನ ಅಪ್ಪ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ತಲೆ ನರೆಸಿಕೊಂಡವರು. ನನ್ನನ್ನು ಸುತ್ತು ಹಾಕಿ ಬಂದು, "ಫುಟ್‌ಬೋರ್ಡ್ ಎಲ್ಲೈತಪ್ಪಾ?" ಅಂದರು.

"ಇದಕ್ಕೆ ಬರಲ್ಲ ಯಜಮಾನ್ರೇ."

"ಸೀಟಿಂಗ್ ಏಳು ಅಂದ್ರಿ. ಸ್ಟ್ಯಾಂಡಿಂಗ್ ಎಷ್ಟು?"

ಶೋರೂಮಿಗೆ ಶೋರೂಮೇ ನಕ್ಕಿತು. ಅಜ್ಜ ನಗಲಿಲ್ಲ, ನಿಜವಾಗಿಯೇ ಕೇಳಿದ್ದರು. ಪಾಲಾಕ್ಷನಿಗೆ ಅವಮಾನವಾದಂತಾಗಿ ಬೇಗ ಬೇಗ ಸಹಿ ಹಾಕಿದ. ಹೀಗೆ ನಾನು ಅವರ ಮನೆಯದಾದೆ.

ಮನೆ ಮುಂದೆ ಬಂದು ನಿಂತಾಗ ಮೊದಲು ಕಣ್ಣಿಗೆ ಬಿದ್ದವನು ಬಿಳಿಯ. ಅವನು ಒಂದು ಹಳೇ ಬಿಳಿ ವ್ಯಾನು. ಮೂಗು ಚಪ್ಪಟೆ, ಮೈಯೆಲ್ಲ ತಗ್ಗು, ಬಾಗಿಲು ಎಳೆದರೆ ಗಿರಣಿಯಂತೆ ಗರಗರ ಶಬ್ದ. ಬಿಳಿ ಎತ್ತಿಗೆ ಇಡುವ ಹೆಸರನ್ನೇ ಅಜ್ಜ ಅವನಿಗೆ ಇಟ್ಟಿದ್ದರು. ಇಂಥವನು ನನಗೆ ಎಲ್ಲಿ ಸಾಟಿ ಅಂತ ನಾನು ಮೂಗು ಮುರಿದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಜ್ಜ ಕಂಡಕ್ಟರ್ ಕೆಲಸ ಬಿಟ್ಟಿದ್ದರೂ ಆ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಗಾಡಿಯ ಪಕ್ಕೆಗೆ ಅಂಗೈಯಿಂದ ಎರಡು ಸಲ ಬಡಿದರೆ "ರೈಟ್", ಹೊರಡಬೇಕು. ಒಂದೇ ಸಲ ಬಡಿದರೆ "ಹೋಲ್ಡಾನ್", ಇದ್ದಲ್ಲೇ ನಿಲ್ಲಬೇಕು, ಮತ್ತೆ ರೈಟ್ ಬರುವವರೆಗೆ ಅಲುಗಾಡುವಂತಿಲ್ಲ. ಗಾಡಿಗಷ್ಟೇ ಅಲ್ಲ, ಮನೆಗೂ ಅದೇ ಕಾನೂನು. ಗಂಡ ಹೆಂಡಿರು ಜಗಳಕ್ಕೆ ನಿಂತರೆ ಅಜ್ಜ ಮಂಚದ ಹಲಗೆಗೆ ಒಂದು ಬಡಿಯುತ್ತಿದ್ದರು. ಅಲ್ಲಿಗೆ ಮಾತು ನಿಂತುಹೋಗುತ್ತಿತ್ತು. ಸಿಂಚನಾ ಅಂಬೆಗಾಲಿಡುವಾಗಲೇ ಒಂದು ಬಡಿತಕ್ಕೆ ನಿಲ್ಲುವುದನ್ನು ಕಲಿತಿದ್ದಳಂತೆ.

ನನಗೂ ಮೊದಲ ದಿನವೇ ಪೂಜೆ ಆಯಿತು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು. ಬೀದಿಯವರೆಲ್ಲ ಸೇರಿದ್ದರು. ಅಜ್ಜ ಒಗೆದ ಜುಬ್ಬಾ ಹಾಕಿಕೊಂಡು ನನ್ನ ಪಕ್ಕೆಗೆ ಬಂದು ನಿಂತು ಕೈ ಎತ್ತಿದರು. ಅಷ್ಟರಲ್ಲಿ ಪಾಲಾಕ್ಷ ಪಕ್ಕದ ಮನೆಯವರಿಗೆ ರಿಮೋಟ್ ತೋರಿಸುವ ಭರದಲ್ಲಿ ಲಾಕಿನ ಗುಂಡಿ ಒತ್ತಿಬಿಟ್ಟಿದ್ದ. ಅಜ್ಜನ ಅಂಗೈ ನನ್ನ ಮೈಗೆ ತಾಗಿದ್ದೇ ತಡ, ಕಳ್ಳ ಬಂದ ಹಾಗೆ ನಾನು ಕಿರುಚಿಕೊಂಡೆ. ನಾಯಿಗಳು ಬೊಗಳಿದವು, ಎದುರು ಮನೆಯ ಕೂಸು ಅಳಲು ಶುರುಮಾಡಿತು.

"ಅಪ್ಪಾ, ಇದಕ್ಕೆ ಹಂಗೆಲ್ಲ ಬಡೀಬಾರ್ದು. ಸೆನ್ಸರ್ ಐತೆ," ಅಂದ ಪಾಲಾಕ್ಷ, ಎಲ್ಲರ ಮುಂದೆ.

ಅಜ್ಜ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು ಜುಬ್ಬಾದ ಜೇಬಿಗೆ ಇಳಿಬಿಟ್ಟರು. ಆಮೇಲೆ ಅವರು ನನ್ನನ್ನು ಮುಟ್ಟಲಿಲ್ಲ. ಹತ್ತುವಾಗ ಇಳಿಯುವಾಗಲೂ ಸಿಂಚನಾಳ ಭುಜ ಹಿಡಿಯುತ್ತಿದ್ದರೇ ಹೊರತು ನನ್ನ ಹಿಡಿಕೆಯನ್ನಲ್ಲ. ನಾನೇನು ಬೇಕೆಂದು ಕಿರುಚಿದೆನೇ? ಆದರೆ ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಎಲ್ಲಿತ್ತು, ಇದ್ದದ್ದು ಹಾರ್ನ್ ಮಾತ್ರ.

ಮರುದಿನ ಬೆಳಿಗ್ಗೆ ಪಾಲಾಕ್ಷ ಅಂಗಡಿಯ ಮೋಟಾರುಗಳನ್ನು ಬಿಳಿಯನಿಗೆ ತುಂಬಿಕೊಂಡು ಹೊರಟ. ಅಜ್ಜ ಬಂದು ಅವನ ಪಕ್ಕೆಗೆ ಧಡ್ ಧಡ್ ಅಂತ ಎರಡು ಬಿಗಿದು "ರೈಟ್!" ಅಂದರು. ಬಿಳಿಯ ಹೊಗೆ ಉಗುಳುತ್ತ ಗೇಟು ದಾಟಿದ. ಆ ಸದ್ದು ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಏಳು ಸೀಟು, ತಂಪು ಗಾಳಿ, ಹಿಂದೆ ನೋಡುವ ಕ್ಯಾಮೆರಾ ಎಲ್ಲ ಇರುವ ನಾನು ಹಾರ ಹಾಕಿಸಿಕೊಂಡು ನಿಂತಿದ್ದೆ. ತುಕ್ಕು ಹಿಡಿದ ಅವನು ಮಾತ್ರ ಅಜ್ಜನ ಏಟು ತಿಂದು ಹೋಗಿದ್ದ.

ದಿನಗಳು ಕಳೆದವು. ಸರ್ವಮಂಗಳಾಳ ತಂಗಿಯರನ್ನು ಹೇರಿಕೊಂಡು ಎಷ್ಟು ಮದುವೆಗಳಿಗೆ ಹೋದೆನೋ. ಹೆದ್ದಾರಿಯಲ್ಲಿ ಪಾಲಾಕ್ಷ ನನ್ನನ್ನು ಓಡಿಸುವ ರಭಸಕ್ಕೆ ಒಳಗೆ ಕೂತವರು ದೇವರನ್ನು ನೆನೆಯುತ್ತಿದ್ದರು. ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಆದರೂ ಮನೆಯಲ್ಲಿ ನನಗೊಂದು ಹೆಸರಿಲ್ಲ. "ಬಿಳಿಯ ಎಲ್ಲಿ?" ಅಂತ ಅವನನ್ನು ಕೇಳುತ್ತಿದ್ದರು. ನನ್ನನ್ನು ಮಾತ್ರ "ಹೊಸ ಗಾಡಿ" ಅನ್ನುತ್ತಿದ್ದರು. ಬಣ್ಣ ಮಾಸುವ ವಯಸ್ಸು ಬಂದರೂ ನಾನು ಹೊಸ ಗಾಡಿಯೇ. ಮನೆಗೆ ಬಂದ ನೆಂಟರನ್ನು ಹೇಗೆ ಉಪಚರಿಸುತ್ತಾರೋ ಹಾಗೆ ನನ್ನನ್ನು ನೋಡಿಕೊಂಡರು, ನೆಂಟರಿಗೆ ಯಾರೂ ಬೆನ್ನು ತಟ್ಟಿ ಕೆಲಸ ಹೇಳುವುದಿಲ್ಲವಲ್ಲ.

ಕೊನೆಗೊಂದು ದಿನ ಬಿಳಿಯನ ಎಂಜಿನ್ನು ಕೈಕೊಟ್ಟಿತು. ಗುಜರಿಯವನು ಲಾರಿ ತಂದ. ನನಗೆ ಒಳಗೊಳಗೇ ಹಬ್ಬ. ಅವನನ್ನು ಹಗ್ಗ ಕಟ್ಟಿ ಲಾರಿಗೆ ಏರಿಸಿದ ಮೇಲೆ ಅಜ್ಜ ಹತ್ತಿರ ಹೋಗಿ, ಕೈಗೆ ಎಟುಕಿದ ಕಡೆ ಎರಡು ಸಲ ಬಡಿದು, "ರೈಟ್ ಕಣಪ್ಪಾ ಬಿಳಿಯಾ," ಅಂದರು. ಅವರ ದನಿ ಗಟ್ಟಿಯಾಗಿಯೇ ಇತ್ತು. ಸಾಯಲು ಹೋಗುತ್ತಿದ್ದವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾನು ಹೋಗುವ ದಿನ ಬಂದರೆ ನನಗೂ ಹೀಗೇ ಎರಡು ಬಡಿತ ಸಿಗಲಿ ಅಂತ ಅಂದೇ ಬೇಡಿಕೊಂಡೆ.

ಬಿಳಿಯ ತೊಲಗಿದ, ಇನ್ನು ಅಜ್ಜನ ಕೈ ನನ್ನ ಕಡೆ ಬಂದೇ ಬರುತ್ತದೆ ಅಂದುಕೊಂಡೆ. ಎಲ್ಲಿಯ ಮಾತು. ಲಾರಿ ಹೋದ ಮೇಲೆ ನೋಡಿದರೆ ಬಿಳಿಯನ ಜಾರುಬಾಗಿಲು ಗೋಡೆಗೆ ಒರಗಿ ನಿಂತಿದೆ. ಗುಜರಿಯವನಿಗೆ ಹೇಳಿ ಅಜ್ಜ ಅದನ್ನು ಮೊದಲೇ ಬಿಚ್ಚಿಸಿಕೊಂಡಿದ್ದರು. ಗೇಟಿನ ಪಕ್ಕದ ಮಲ್ಲಿಗೆ ಬಳ್ಳಿಗೆ ಮೇಕೆಗಳು ಬಾಯಿ ಹಾಕದಂತೆ ಅದನ್ನು ಬೇಲಿಯಾಗಿ ನಿಲ್ಲಿಸಿದರು. ಮಾರನೆಯ ದಿನ ಪಾಲಾಕ್ಷ ನನ್ನನ್ನು ಗೇಟಿನಿಂದ ಹೊರಗೆ ತೆಗೆಯುವಾಗ ಅಜ್ಜ ಆ ಬಾಗಿಲಿಗೆ ಎರಡು ಬಡಿದು ನನಗೆ "ರೈಟ್" ಅಂದರು.

ನೀವೇ ಹೇಳಿ, ಇದಕ್ಕಿಂತ ಅವಮಾನ ಉಂಟೇ? ಹೊರಡುವುದು ನಾನು, ಏಟು ಅದಕ್ಕೆ. ಸತ್ತ ಸವತಿಯ ಫೋಟೋಕ್ಕೆ ಕೈಮುಗಿದು ಅಡುಗೆಮನೆಗೆ ಹೋಗುವ ಹೆಂಗಸಿನ ಪಾಡು ನನ್ನದಾಯಿತು. ಅಂದಿನಿಂದ ಪ್ರತಿದಿನವೂ ಅದೇ. ಆ ಬಾಗಿಲನ್ನು ಒಮ್ಮೆಯಾದರೂ ಗುದ್ದಿ ಬೀಳಿಸಬೇಕೆಂಬ ಆಸೆ, ಆದರೆ ಸ್ಟೀರಿಂಗ್ ನನ್ನ ಕೈಯಲ್ಲಿರಲಿಲ್ಲ.

ಒಮ್ಮೆ ಮಾತ್ರ ಅದರಿಂದ ಒಂದೇ ಬಡಿತ ಬಂತು. ಪಾಲಾಕ್ಷ ನನ್ನನ್ನು ಹಿಂದಕ್ಕೆ ತೆಗೆಯುತ್ತಿದ್ದ. ನನ್ನ ಕ್ಯಾಮೆರಾದಲ್ಲಿ ಏನೂ ಕಾಣುತ್ತಿರಲಿಲ್ಲ, ನಾನೂ ಬೀಪ್ ಅನ್ನಲಿಲ್ಲ. ಧಡ್ ಅಂದದ್ದೇ ಪಾಲಾಕ್ಷನ ಕಾಲು ಬ್ರೇಕಿನ ಮೇಲಿತ್ತು. ಇಳಿದು ನೋಡಿದರೆ ನನ್ನ ಹಿಂದಿನ ಚಕ್ರದ ಬುಡದಲ್ಲಿ ಪಕ್ಕದ ಮನೆಯ ಕೂಸು ಚೆಂಡಿಗಾಗಿ ಬಗ್ಗಿ ಕೂತಿತ್ತು. ಸರ್ವಮಂಗಳಾ ಕೂಸನ್ನು ಎತ್ತಿ ಅದರ ತಾಯಿಗೆ ಕೊಟ್ಟು ಬಂದಳು. ಆ ದಿನ ನಾನು ಬಾಗಿಲಿನ ಮೇಲಿನ ಸಿಟ್ಟನ್ನು ಒಂದು ಹೊತ್ತಿನ ಮಟ್ಟಿಗೆ ನುಂಗಿಕೊಂಡೆ.

ಸಿಂಚನಾ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಳು. ನನ್ನ ಜಾರುಬಾಗಿಲೂ ಬಿಳಿಯನದರಂತೆ ಗರಗರ ಅನ್ನತೊಡಗಿತು. ಅಲಾರ್ಮಿನ ವೈರನ್ನು ಇಲಿ ಕಡಿದು ಎಷ್ಟೋ ಕಾಲವಾಗಿತ್ತು, ಆದರೆ ಅದು ಅಜ್ಜನಿಗೆ ತಿಳಿಯಲಿಲ್ಲ, ಯಾರೂ ಹೇಳಲೂ ಇಲ್ಲ. ಪಾಲಾಕ್ಷ ಸದ್ದೇ ಮಾಡದ ಬ್ಯಾಟರಿ ಕಾರೊಂದನ್ನು ಆರಿಸಿದ. ಟೆಂಟ್ ಹೌಸಿನ ದಾದಾಪೀರ್ ನನ್ನನ್ನು ಕೊಂಡರು. ಅವರ ಕುರ್ಚಿ, ಪಾತ್ರೆ, ಶಾಮಿಯಾನ ಹೊರಲು ನಾನು ಸಾಕಿತ್ತು.

ಕರೆದೊಯ್ಯುವ ದಿನ ದಾದಾಪೀರ್ ಅವರೇ ಸ್ಟೀರಿಂಗ್ ಹಿಡಿದು ಕೂತರು. ಸರ್ವಮಂಗಳಾ ಹಿಂದಿನ ಸೀಟಿನಲ್ಲಿ ಉಳಿದಿದ್ದ ಹೇರ್‌ಪಿನ್ನುಗಳನ್ನು ಆರಿಸಿಕೊಂಡಳು. ಸಿಂಚನಾ ಕಪ್ಪು ಪಟ್ಟೆಯ ಮೇಲೆ ಬೆರಳಾಡಿಸಿದಳು. ಪಾಲಾಕ್ಷ ಗೇಟು ತೆಗೆದ. ನಾನು ಅಜ್ಜನನ್ನೇ ನೋಡುತ್ತಿದ್ದೆ. ಅವರು ಎಂದಿನಂತೆ ಬಿಳಿಯನ ಬಾಗಿಲ ಬಳಿ ನಿಂತಿದ್ದರು. ಇವತ್ತೂ ಅದಕ್ಕೇ ಬಡಿಯುತ್ತಾರೆ, ನನ್ನನ್ನು ಸಾಗಹಾಕುವ ದಿನವೂ ಏಟು ಅವನಿಗೇ ಅಂತ ಕರುಬುತ್ತ ನಿಂತಿದ್ದೆ.

ಅಜ್ಜ ಆ ಬಾಗಿಲನ್ನು ಬಿಟ್ಟು ನನ್ನ ಹತ್ತಿರ ಬಂದರು. ಕೈ ಎತ್ತಿ ಅರೆಕ್ಷಣ ತಡೆದರು, ಎಲ್ಲಿ ಕಿರುಚಿಬಿಡುತ್ತದೋ ಅನ್ನುವ ಹಾಗೆ. ಆಮೇಲೆ ಬಡಿದರು. ಧಡ್.

ಆ ಒಂದು ಏಟಿಗೆ ನನ್ನ ಗಾಜುಗಳೆಲ್ಲ ನಡುಗಿದವು. ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ. ಅಜ್ಜನ ಅಂಗೈ ನನ್ನ ಮೈಮೇಲೆಯೇ ಉಳಿದುಬಿಟ್ಟಿತ್ತು.

ಅಂಗಳದಲ್ಲಿದ್ದವರೆಲ್ಲ ಇದ್ದಲ್ಲೇ ನಿಂತರು. ಪಾಲಾಕ್ಷನ ಕೈ ಗೇಟಿನ ಮೇಲೆ ನಿಂತಿತು, ಸರ್ವಮಂಗಳಾ ಮೆಟ್ಟಿಲ ಮೇಲೆ ನಿಂತಳು, ಸಿಂಚನಾ ಅಜ್ಜನ ಮುಖ ನೋಡುತ್ತ ನಿಂತಳು. ಒಂದು ಬಡಿತದ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ದಾದಾಪೀರ್ ಒಬ್ಬರೇ.

"ಬರ್ತೀನ್ರೀ ಅಜ್ಜಾರೇ," ಅಂತ ಕೈಯೆತ್ತಿ ಮುಗಿದು ಅವರು ಗೇರು ಹಾಕಿದರು. ಅಜ್ಜನ ಅಂಗೈ ನನ್ನ ಪಟ್ಟೆಯ ಉದ್ದಕ್ಕೂ ಜಾರಿ ಬಿಟ್ಟುಹೋಯಿತು. ಎಲ್ಲರೂ ನಿಂತ ಆ ಅಂಗಳದಲ್ಲಿ ನಿಲ್ಲದೆ ಹೋದದ್ದು ನಾನೊಂದೇ.

ಟೆಂಟ್ ಹೌಸಿನಲ್ಲಿ ಬೇಕಾದಷ್ಟು ದುಡಿದೆ. ಅಲ್ಲಿ ಕುರ್ಚಿ ಏರಿಸುವವರು ನನ್ನ ಮೈಮೇಲೆ ಬೇಕಾದಂತೆ ಬಡಿಯುತ್ತಿದ್ದರು, ಅದನ್ನು ಎಣಿಸುವವರು ಇರಲಿಲ್ಲ. ಒಂದು ದಿನ ನನ್ನ ಎಂಜಿನ್ನೂ ಕೈಕೊಟ್ಟಿತು. ದಾದಾಪೀರ್ ಒಳ್ಳೆಯವರು, ಗುಜರಿಗೆ ಹಾಕದೆ ಈ ಹಿತ್ತಲಲ್ಲಿ ಜಾಗ ಕೊಟ್ಟರು. ನನ್ನೊಳಗೆ ಈಗ ಒಂದು ಬೆಕ್ಕು ಮರಿ ಹಾಕಿದೆ.

ಇಲ್ಲಿ ನಿಂತು ಯೋಚಿಸಲು ಬೇಕಾದಷ್ಟು ಹೊತ್ತಿದೆ. ಬಿಳಿಯನಿಗೆ ಹೆಸರು ಸಿಕ್ಕಿತು, ದಿನದಿನವೂ ಏಟು ಸಿಕ್ಕಿತು. ಹೋಗುವ ದಿನ ಅಜ್ಜ ಗಟ್ಟಿ ದನಿಯಲ್ಲಿ ರೈಟ್ ಹೇಳಿ ಕಳಿಸಿದರು. ನನಗೆ ಹೋಲ್ಡಾನ್ ಹೇಳಿದರು. ಹೊಟ್ಟೆಕಿಚ್ಚು ಪಡಬೇಕಾದವನು ಈಗ ಅವನು. ನಾನು ತಡವಾಗಿಯಾದರೂ ಅಜ್ಜನ ಮಾತು ನಡೆಸಿದ್ದೇನೆ, ನಿಂತಿದ್ದೇನೆ. ಎರಡನೆಯ ಬಡಿತ ಅವರ ಕೈಯಿಂದ ಬೀಳುವವರೆಗೆ ಇಲ್ಲಿಂದ ಅಲುಗಾಡುವುದಿಲ್ಲ.