ಬಸ್ಸಪ್ಪನ ಪಂಪು

"ನೀ ಒಬ್ಬಾಕಿ ಬಾಯಿ ಬಿಟ್ರ ಸಾಕವ್ವ," ಎಂದರು ಡಾಕ್ಟರ್ ಜಂಬಣ್ಣ. ಆದಮ್ಮ ಮೊರದಿಂದ ತಲೆ ಎತ್ತಲಿಲ್ಲ. ಅಕ್ಕಿಯಲ್ಲಿ ಹರಳಿಲ್ಲದಿದ್ದರೂ ಆರಿಸುತ್ತಲೇ ಇದ್ದಳು.

ಡಾಕ್ಟರದು ಒಂದೇ ಹಟ. ಭತ್ತಕ್ಕೆ ಹೊಡೆಯುವ ಔಷಧಿ ಮೈಗೆ ಹತ್ತಿ ಕಾಲುವೆ ಸೀಮೆಯ ಜನ ಸಾಯುತ್ತಿದ್ದಾರೆ, ಅದನ್ನು ಮಾರುವುದು ನಿಲ್ಲಿಸಿ ಎಂದು ಅವರೂ ಇನ್ನೊಂದಿಬ್ಬರು ಡಾಕ್ಟರರೂ ಕಚೇರಿ ಕಚೇರಿ ತಿರುಗಿ ಚಪ್ಪಲಿ ಸವೆಸಿದ್ದರು. ಅಂತೂ ನಾಳೆ ಸಿಂಧನೂರಿಗೆ ಬೆಂಗಳೂರಿನ ಅಧಿಕಾರಿಗಳು ಬರುತ್ತಾರೆ. ಸತ್ತವರ ಮನೆಯವರ ಬಾಯಿಂದಲೇ ಕೇಳಬೇಕಂತೆ. ಹೇಳಲು ಒಂದು ನರಪಿಳ್ಳೆಯೂ ತಯಾರಿಲ್ಲ. ಔಷಧಿಯಿಂದ ಸತ್ತ ಎಂದರೆ ಕುಡಿದೇ ಸತ್ತಿರಬೇಕು ಎಂದು ಊರು ತೀರ್ಮಾನಿಸಿಬಿಡುತ್ತದೆ. ಮೈಮೇಲೆ ಸೋರಿದರೂ ಮನುಷ್ಯ ಸಾಯುತ್ತಾನೆ ಎಂದರೆ ನಗುತ್ತದೆ. ಆಮೇಲೆ ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ?

ಆದಮ್ಮನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಆದಮ್ಮನ ಗಂಡ ಬಸ್ಸಪ್ಪ ಕಳೆದ ಬೇಸಿಗೆಯಲ್ಲಿ ಸೋರುವ ಪಂಪನ್ನು ಬೆನ್ನಿಗೇರಿಸಿ ದಿನವಿಡೀ ಔಷಧಿ ಹೊಡೆದು ಗದ್ದೆಯ ಬದುವಿನಲ್ಲೇ ಬಿದ್ದಿದ್ದ. ಡಾಕ್ಟರ ಹತ್ತಿರ ತರುವಾಗ ಬಾಯಲ್ಲಿ ನೊರೆ. ಜೀವ ಹೋದ ಮೇಲೆ, ಔಷಧಿಯ ಮಾತು ಎತ್ತಬೇಡಿರೆಂದು ಆದಮ್ಮ ಅವರ ಕಾಲು ಹಿಡಿದಳು. ಬಿಸಿಲು ಬಡಿದು ಹೋದ ಎಂದು ಹೊರಗೆ ನೆರೆದ ಮಂದಿಗೆ ಹೇಳಿದವರು ಅವರೇ. ಈಗ ಅವಳು ಒಪ್ಪದೆ ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

"ಬಿಸಲಂತ ನೀವ ಅಂದ್ರಿ ಸಾಹೇಬ್ರ. ಬೀಗರು ನಂಬ್ಯಾರ. ಈಗ ಬ್ಯಾರೆ ಹೇಳಿದ್ರ ನನ್ನ ಮಗಳು ಮನ್ಯಾಗ ಕುಂದರತಾಳ್ರೀ," ಎಂದಳು ಆದಮ್ಮ. ಡಾಕ್ಟರಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಅಷ್ಟರಲ್ಲಿ ಸೈಕಲ್ಲು ಬಂದು ನಿಂತಿತು. ಬೀಗರ ಮಗ ದ್ಯಾವಪ್ಪ, ಅಳಿಯನಾಗುವವನು. ಡಾಕ್ಟರಿಗೆ ಕೈ ಮುಗಿದು, ಚಹಾ ಬೇಡವೆಂದು, ನಿಂತುಕೊಂಡೇ ಬಂದ ಕೆಲಸ ಹೇಳಿದ. ಪೈರಿಗೆ ಹುಳ ಬಿದ್ದಿದೆ, ತಮ್ಮ ಪಂಪು ಕೆಟ್ಟಿದೆ, ಮಾವನದು ಸುಮ್ಮನೆ ನೇತಾಡುತ್ತಿದೆಯಲ್ಲ, ನಾಳೆ ಒಂದು ದಿನದ ಮಟ್ಟಿಗೆ ಕೊಟ್ಟರೆ ಆಯಿತು.

ಬಸ್ಸಪ್ಪನ ಪಂಪು ಗೋಡೆಯ ಗೂಟದಲ್ಲಿ ಅವತ್ತಿನಿಂದ ಹಾಗೇ ಇತ್ತು. ಡಾಕ್ಟರು ಏನೋ ಹೇಳಲು ಹೋದರು. ಆದಮ್ಮನ ಮುಖ ನೋಡಿ ಕಣ್ಣನ್ನು ಪಂಪಿನತ್ತ ಹೊರಳಿಸಿದರು. ಕೊಡುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕು, ಆ ಕಾರಣವೇ ಹೇಳಬಾರದ್ದು. ಅವಳು ಎದ್ದು ಪಂಪನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು.

"ಅದು ಸೋರತೈತ್ರಿ," ಎಂದಳು.

"ಸೋರ್ಲಿ ಬಿಡ್ರಿ ಅತ್ತಿ. ಬಿಸಲಾಗ ಬೆನ್ನು ತಂಪಕ್ಕೈತಿ."

ದ್ಯಾವಪ್ಪ ತಿರುಗಿ ಒಂದು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ಇನ್ನೊಂದು ಆದಮ್ಮನ ಕೈಯಲ್ಲಿತ್ತು. ಎಳೆದ, ಬರಲಿಲ್ಲ. ಎಲ್ಲೋ ಸಿಕ್ಕಿರಬೇಕೆಂದು ನಕ್ಕು, ಹಿಂದಕ್ಕೆ ನೋಡದೆ ಇನ್ನೊಮ್ಮೆ ಎಳೆದ. ಆದಮ್ಮ ಎರಡೂ ಕೈಯಿಂದ ಪಟ್ಟಿಯನ್ನು ಹಿಡಿದು ನಿಂತೇ ಇದ್ದಳು.